ಪಕ್ಷ ಬ್ಯಾಡ, ಗ್ರಾಮಸಭೆ ಕೇಳ್ರಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ನಾವೆಲ್ಲ ಮೊದಲು ಧಾರವಾಡ ಜಿಲ್ಲೆಯವರು. ಜಿಲ್ಲಾ ಕಚೇರಿಗೆ ಹೋದರೆ ಒಂದು ದಿನದ ಗಳೇವು ತಪ್ಪುತ್ತಿತ್ತು. 1997ರಲ್ಲಿ ಹಾವೇರಿ ಜಿಲ್ಲೆಯಾಗಿ ಕಚೇರಿ ಹತ್ತಿರ ಬಂತು. ಅದಕ್ಕೂ ಮೊದಲೇ, 1993ರ ಕಾಯ್ದೆ ಮಂಡಲ ಪಂಚಾಯಿತಿ ತೆಗೆದು ಗ್ರಾಮ ಪಂಚಾಯಿತಿ ತಂದಿತ್ತು. ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ.

2016ರಲ್ಲಿ ಆರಿಸಿದ ಜಿಲ್ಲಾ, ತಾಲೂಕು ಪಂಚಾಯಿತಿಗಳ ಅವಧಿ 2021ಕ್ಕೆ ಮುಗಿಯಿತು. ಮುಂದೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. ಅಂಥ ಹೊತ್ತಿನಾಗ ರೈತನ ಮಾತಿಗೆ ಉಳಿಯೋದು ಗ್ರಾಮಸಭೆ. ಒಡ್ಡು, ಕೃಷಿಹೊಂಡ, ಹೊಲದ ದಾರಿ ಅಲ್ಲೇ ಪಟ್ಟಿಗೆ ಸೇರಬೇಕು.

ಮತ ಕೇಳಾಕ ಬಂದವರನ್ನ ಪಕ್ಷ ಕೇಳಬ್ಯಾಡ್ರಿ. ‘ಸಭೆ ಕರೀತೀಯೇನು? ಲೆಕ್ಕ ಓದತೀಯೇನು?’ ಅಂತ ಕೇಳ್ರಿ. ಕರೆದಾಗ ನಾವೂ ಹೋಗಬೇಕು. ಹೋಗದಿದ್ದರೆ ಒಡ್ಡು ಬ್ಯಾರೆಯವರ ಹೊಲಕ್ಕೆ, ನಮ್ಮ ಮಳೆನೀರು ಹಳ್ಳಕ್ಕೆ.