ಬೆರಳು ನೋವು ಅಂತ ಕುಚ್ಚು, ಹೊಲಿಗೆ ಬಿಡಬೇಕಾ? ಮೊದಲು ಹಿಡಿಕೆ ಬದಲಿಸಿ ನೋಡಿ

ಬೆಂಗಳೂರು: ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತೆಂದರೆ ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಯಲ್ಲಿ ಸೀರೆಗೆ ಕುಚ್ಚು ಕಟ್ಟೋ, ಫಾಲ್ಸ್ ಹಾಕೋ ಮನೆಗಳಿಗೆ ಪುರುಸೊತ್ತೇ ಇರಲ್ಲ. ಈ ಕೆಲಸ ಮಾಡುವವರಲ್ಲಿ ಐವತ್ತು ದಾಟಿದ ಹೆಂಗಸರೂ ಇದ್ದಾರೆ. ಬೆರಳಿನ ಕೀಲು ಸವೆದು ನೋವು ಶುರುವಾಗೋದೂ ಹೆಚ್ಚಾಗಿ ಅದೇ ವಯಸ್ಸಲ್ಲಿ. ಸೂಜಿ ಜಾರುತ್ತೆ, ಕತ್ತರಿ ಒತ್ತೋಕೆ ಆಗಲ್ಲ, ಕುಚ್ಚಿನ ಗಂಟು ಬಿಗಿ ಬರಲ್ಲ. ‘ಇನ್ನು ಕೈಲಾಗಲ್ಲ’ ಅಂತ ಸೀರೆ ವಾಪಸ್ ಕಳಿಸಿದರೆ ಮನೆಗೆ ಬರೋ ದುಡ್ಡೂ ನಿಂತುಹೋಗುತ್ತೆ.

ಆದರೆ ಕೈಗೆ ಕಾಟ ಕೊಡೋದು ಹೊಲಿಗೆಗಿಂತ ಹೆಚ್ಚಾಗಿ ಸಣ್ಣ ವಸ್ತುವನ್ನು ಬಿಗಿಯಾಗಿ ಹಿಡಿಯೋ ರೀತಿ. ಅದನ್ನು ಬದಲಿಸೋಕೆ ಬೇಕಾದ ಸಾಮಾನು ಬಹುಪಾಲು ಅಗ್ಗದ್ದೇ.

ನೋವು ಯಾಕೆ?

ಸೂಜಿಯನ್ನು ಹೆಬ್ಬೆರಳು, ತೋರುಬೆರಳ ತುದಿಯಲ್ಲಿ ಚಿವುಟಿ ಹಿಡಿದಾಗ ಭಾರವೆಲ್ಲ ಹೆಬ್ಬೆರಳಿನ ಬುಡದ ಕೀಲಿನ ಮೇಲೆ ಬೀಳುತ್ತೆ. ಕೂನಿ ಮತ್ತು ಚಾವೊ ಎಂಬ ಸಂಶೋಧಕರು 1977ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ಬೆರಳ ತುದಿಯಲ್ಲಿ 1 ಕಿಲೋ ಒತ್ತಡ ಹಾಕಿದರೆ ಬುಡದ ಕೀಲಿಗೆ ಸುಮಾರು 12 ಕಿಲೋ ತಗಲುತ್ತೆ. ಹಿಡಿಯೋ ವಸ್ತು ತೆಳ್ಳಗಿದ್ದಷ್ಟೂ, ಜಾರುವಂತಿದ್ದಷ್ಟೂ ಹೆಚ್ಚು ಚಿವುಟಬೇಕು. ಹಾಗಾಗಿ ಸೂತ್ರ ಸರಳ: ಹಿಡಿಕೆ ದಪ್ಪ ಇರಲಿ, ಜಾರದೇ ಇರಲಿ, ಬೆರಳ ತುದಿಯ ಕೆಲಸ ಅಂಗೈಗೋ ತೋಳಿಗೋ ಹೋಗಲಿ.

ಸೂಜಿ, ದಾರ

* ದಾರ ಪೋಣಿಸೋಕೆ ತೆಳು ತಂತಿಯ ಕುಣಿಕೆ ಇರೋ ತಗಡಿನ ಥ್ರೆಡರ್ ಸಿಗುತ್ತೆ. ಬೆಲೆ ಹತ್ತಿಪ್ಪತ್ತು ರೂಪಾಯಿ.
* ಕಣ್ಣಿನ ಮೇಲ್ಭಾಗದಲ್ಲಿ ಸೀಳು ಇರೋ ಸೂಜಿಯೂ ಉಂಟು. ದಾರವನ್ನು ಮೇಲಿಂದ ಒತ್ತಿದರೆ ಒಳಗೆ ಕೂರುತ್ತೆ. ಹತ್ತಿ ದಾರಕ್ಕೆ ಇದು ಸರಿ. ರೇಷ್ಮೆ, ಜರಿ ಎಳೆ ಇದರಲ್ಲಿ ಸಿಂಬೆ ಏಳಬಹುದು.
* ದಪ್ಪ ಬಟ್ಟೆಯಿಂದ ಸೂಜಿ ಎಳೆಯೋಕೆ, ನೋಟು ಎಣಿಸುವಾಗ ಕ್ಯಾಷಿಯರ್‌ಗಳು ಬೆರಳಿಗೆ ಹಾಕೋ ರಬ್ಬರ್ ಟೋಪಿ ಸಾಕು. ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತೆ.
* ಕ್ರೋಶಾ ಕಡ್ಡಿ, ಆರಿ ಸೂಜಿ, ಹೊಲಿಗೆ ಬಿಚ್ಚೋ ರಿಪ್ಪರ್ ತೆಳ್ಳಗಿದ್ದರೆ ಬ್ಯಾಡ್ಮಿಂಟನ್ ರಾಕೆಟ್‌ಗೆ ಸುತ್ತೋ ಗ್ರಿಪ್ ಟೇಪನ್ನು ನಾಲ್ಕು ಸುತ್ತು ಸುತ್ತಿ. ಹಿಡಿತ ತಾನಾಗೇ ಸಡಿಲವಾಗುತ್ತೆ.

ಕತ್ತರಿ

ದರ್ಜಿಗಳ ಭಾರದ ಕಬ್ಬಿಣದ ಕತ್ತರಿ ಬಟ್ಟೆಗೆ ಒಳ್ಳೇದು, ನೋಯೋ ಕೈಗೆ ಅಲ್ಲ. ದಾರ ಕತ್ತರಿಸೋಕೆ ಸ್ಪ್ರಿಂಗ್ ಇರೋ ಪುಟ್ಟ ಟ್ರಿಮ್ಮರ್ ತಗೊಳ್ಳಿ. ಅದು ತಾನೇ ತೆರೆದುಕೊಳ್ಳುತ್ತೆ, ಅಂಗೈಯಲ್ಲಿ ಒತ್ತಿದರೆ ಮುಗೀತು. ಉದ್ದಕ್ಕೆ ಬಟ್ಟೆ ಕತ್ತರಿಸೋಕೆ ಚಕ್ರದ ಬ್ಲೇಡಿನ ರೋಟರಿ ಕಟರ್ ಇದೆ. ಇದರಲ್ಲಿ ಬೆರಳಿಗಿಂತ ತೋಳಿಗೆ ಕೆಲಸ ಜಾಸ್ತಿ. ಅಡಿಯಲ್ಲಿ ಮ್ಯಾಟ್ ಬೇಕೇ ಬೇಕು, ಮಕ್ಕಳಿರೋ ಮನೆಯಲ್ಲಿ ಬ್ಲೇಡ್ ಮುಚ್ಚಿಡಬೇಕು.

ಹೊಸ ಕತ್ತರಿ ಕೊಳ್ಳೋ ಮೊದಲು ಹಳೇದಕ್ಕೆ ಸಾಣೆ ಹಿಡಿಸಿ ನೋಡಿ. ಮೊಂಡು ಕತ್ತರಿಗೆ ಹೆಚ್ಚು ಬಲ ಬೇಕಾಗುತ್ತೆ, ಅದೇ ನೋವಿಗೆ ಕಾರಣ ಆಗಿರಬಹುದು.

ಕುಚ್ಚು, ಕಸೂತಿ, ಬತ್ತಿ

ಕುಚ್ಚು ಕಟ್ಟುವಾಗ ಒಂದು ಕೈ ಸೀರೆ ಹಿಡಿಯೋದಕ್ಕೇ ಮೀಸಲಾದರೆ ಆ ಕೈ ಬೇಗ ಸೋಲುತ್ತೆ. ಸೆರಗನ್ನು ಬಿಗಿದಿಡೋ ಕುಚ್ಚು ಸ್ಟ್ಯಾಂಡ್ ಈಗ ಸಿಗುತ್ತೆ. ಇಲ್ಲದಿದ್ದರೆ ಗಟ್ಟಿ ದಿಂಬಿಗೆ ಸೆರಗು ಪಿನ್ ಮಾಡಿ ಮೇಜಿನ ಮೇಲಿಡಿ. ಕಸೂತಿಯ ರಿಂಗ್ ಹಿಡಿಯೋದು ಕಷ್ಟ ಅನ್ನೋರಿಗೆ ಆರಿ ಕೆಲಸದ ಸ್ಟ್ಯಾಂಡೇ ವಾಸಿ.

ಗುಂಡುಪಿನ್ ಬದಲು ಪ್ಲಾಸ್ಟಿಕ್ ಕ್ಲಿಪ್ ಬಳಸಬಹುದು. ಆದರೆ ಸ್ಪ್ರಿಂಗ್ ಗಟ್ಟಿ ಇದ್ದರೆ ತೆರೆಯೋಕೆ ಮತ್ತೆ ಚಿವುಟಬೇಕು. ಅಂಗಡಿಯಲ್ಲೇ ಒತ್ತಿ ನೋಡಿ ತನ್ನಿ. ದೀಪದ ಉದ್ದ ಬತ್ತಿಯನ್ನು ಬೆರಳಲ್ಲಿ ಹೊಸೆಯೋ ಬದಲು ಮಣೆ ಮೇಲಿಟ್ಟು ಅಂಗೈಯಲ್ಲಿ ಹೊಸೆಯಿರಿ.

ಗ್ಲೌಸ್ ಬೇಕಾ?

ಕೀಲುನೋವಿಗೆ ಅಂತ ಮಾರೋ ಬಿಗಿ ಗ್ಲೌಸ್‌ಗೆ ದುಡ್ಡು ಹಾಕೋ ಮೊದಲು ಯೋಚಿಸಿ. ಉರಿಯೂತದ ಸಂಧಿವಾತ ಇದ್ದವರ ಮೇಲೆ ಬ್ರಿಟನ್‌ನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬಿಗಿ ಗ್ಲೌಸ್‌ಗೂ ಸಡಿಲ ಗ್ಲೌಸ್‌ಗೂ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೆಚ್ಚಗಾದರೆ ಹಿತ ಅನಿಸುತ್ತೆ, ಅಷ್ಟೇ. ಬೆಚ್ಚನೆ ನೀರಲ್ಲಿ ಐದು ನಿಮಿಷ ಕೈ ಅದ್ದಿಟ್ಟರೂ ಆ ಹಿತ ಸಿಗುತ್ತೆ. ಅರ್ಧ ಗಂಟೆಗೊಮ್ಮೆ ಕೆಲಸ ನಿಲ್ಲಿಸಿ ಬೆರಳು ಬಿಡಿಸಿ.

ಅಂಗಡಿಯವರಿಗೆ

ರಾಜಾ ಮಾರ್ಕೆಟ್, ಚಿಕ್ಕಪೇಟೆಗೆ ಲೇಸು, ದಾರ, ಮಣಿ ತರೋಕೆ ಹೋಗೋ ವ್ಯಾಪಾರಿಗಳು ಅಲ್ಲೇ ಥ್ರೆಡರ್, ಟ್ರಿಮ್ಮರ್ ಕೂಡ ವಿಚಾರಿಸಬಹುದು. ಗಾಂಧಿ ಬಜಾರ್, ಮಲ್ಲೇಶ್ವರ 8ನೇ ಕ್ರಾಸ್‌ಗೆ ಬರೋ ಹಿರಿಯ ಗ್ರಾಹಕರಿಗೆ ಇವು ಕಣ್ಣಿಗೆ ಬೀಳೋ ಹಾಗೆ ಒಂದು ಟ್ರೇನಲ್ಲಿ ಗಲ್ಲಾ ಪಕ್ಕ ಇಡಿ. ಕತ್ತರಿಯನ್ನು ಪ್ಯಾಕೆಟ್‌ನಿಂದ ತೆಗೆದು ಕೈಗೆ ಕೊಡಿ. ಹಿಡಿದು ನೋಡದೆ ಅದು ಆ ಕೈಗೆ ಹೊಂದುತ್ತೋ ಇಲ್ಲವೋ ಗೊತ್ತಾಗಲ್ಲ.

ಡಾಕ್ಟರ್ ಹತ್ರ ಯಾವಾಗ?

ಸಾಮಾನು ಬದಲಿಸಿದರೆ ಎಲ್ಲ ನೋವೂ ಹೋಗಲ್ಲ. ಈ ಲಕ್ಷಣ ಇದ್ದರೆ ತಡ ಮಾಡಬೇಡಿ:

* ಬೆಳಗ್ಗೆ ಎದ್ದ ಮೇಲೆ ಬೆರಳ ಬಿಗಿತ ಅರ್ಧ ಗಂಟೆ ದಾಟಿದರೆ, ಎರಡೂ ಕೈಯ ಕೀಲು ಊದಿ ಬಿಸಿಯಾಗಿದ್ದರೆ. ಇದು ರುಮಟಾಯ್ಡ್ ಸಂಧಿವಾತ ಆಗಿರಬಹುದು. ಬೇಗ ಔಷಧಿ ಶುರು ಮಾಡಿದರೆ ಕೀಲು ಹಾಳಾಗೋದನ್ನು ತಡೆಯಬಹುದು.
* ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ. ಇದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದ್ದರಿಂದ ಇರಬಹುದು.
* ಮಡಚಿದ ಬೆರಳು ಸಿಕ್ಕಿಕೊಂಡು ಟಕ್ ಅಂತ ಬಿಡಿಸಿಕೊಂಡರೆ.

ಮಲ್ಲೇಶ್ವರದ ಕೆ.ಸಿ. ಜನರಲ್, ಕೆ.ಆರ್. ಮಾರುಕಟ್ಟೆ ಬಳಿಯ ವಿಕ್ಟೋರಿಯಾ, ವಿ.ವಿ. ಪುರದ ಕಿಮ್ಸ್ ಆಸ್ಪತ್ರೆಗಳಲ್ಲಿ ಮೂಳೆ ವಿಭಾಗ ಇದೆ. ಹೋಗುವಾಗ ದಿನಾ ಬಳಸೋ ಕತ್ತರಿ, ಕ್ರೋಶಾ ಕಡ್ಡಿ ಜೊತೆಗೆ ಒಯ್ಯಿರಿ. ಹೇಗೆ ಹಿಡಿಯುತ್ತೀರಿ ಅನ್ನೋದನ್ನು ಕಣ್ಣಾರೆ ನೋಡಿದರೆ ಡಾಕ್ಟರ್‌ಗೂ ಫಿಸಿಯೋಥೆರಪಿಯವರಿಗೂ ಸಲಹೆ ಕೊಡೋದು ಸುಲಭ.