ಮೋಟಾರು ಕಾರಿನ ಸಂಗೀತ ಮತ್ತು ಕಿವಿಯ ಕ್ಷೇಮ

ಕಣ್ಣಿಗೆ ರೆಪ್ಪೆಯಿದೆ, ಬಾಯಿಗೆ ತುಟಿಯಿದೆ. ಕಿವಿಗೆ ಪ್ರಕೃತಿಯು ಮುಚ್ಚಳವನ್ನಿಟ್ಟಿಲ್ಲ. ಹಗಲಿರುಳೂ ತೆರೆದಿರುವ ಈ ಇಂದ್ರಿಯದ ಮೇಲೆ ನಗರಜೀವನವು ಹೊರಿಸುವ ಭಾರವೆಷ್ಟೆಂಬುದನ್ನು ತಿಳಿಯಲು ಹೈದರಾಬಾದಿನ ಪೂರ್ವಭಾಗದ ನಾಚಾರಂ ಬಡಾವಣೆಯನ್ನು ನೋಡಿದರೆ ಸಾಕು. ಒಂದು ಕಡೆ ಕೈಗಾರಿಕಾ ಪ್ರದೇಶ. ಇನ್ನೊಂದು ಕಡೆ ಮಲ್ಲಾಪುರ, ಹಬ್ಸಿಗುಡ, ಉಪ್ಪಲ್‌ಗಳತ್ತ ಹಬ್ಬಿರುವ ಮನೆಗಳ ಸಾಲು. ನಡುವೆ ಲಾರಿ, ಬಸ್ಸು, ಆಟೋಗಳ ಎಡೆಬಿಡದ ಸಂಚಾರ. ಯಂತ್ರಗಳ ನಡುವೆ ಎಂಟು ಗಂಟೆ ದುಡಿದು ಮನೆಗೆ ಮರಳುವವನು ಕಾರಿನ ಬಾಗಿಲು ಮುಚ್ಚಿ, ದಣಿವಾರಿಸಿಕೊಳ್ಳಲೆಂದು ಹಾಡು ಹಾಕುತ್ತಾನೆ. ಮನಸ್ಸಿಗೆ ಅದು ವಿಶ್ರಾಂತಿಯೇ ಸರಿ. ಕಿವಿಗೆ ಮಾತ್ರ ಅದು ವಿಶ್ರಾಂತಿಯೋ ದುಡಿಮೆಯ ಒಂಬತ್ತನೆಯ ಗಂಟೆಯೋ ಎಂಬುದು ಆ ಕಾರಿನಲ್ಲಿ ಕೂರಿಸಿರುವ ಸಲಕರಣೆಯನ್ನೂ ಅದನ್ನು ಹೊಂದಿಸಿರುವ ಬಗೆಯನ್ನೂ ಅವಲಂಬಿಸಿದೆ.

ಕಾರಿನಲ್ಲಿ ಹಾಡು ಕೇಳುವ ಅಭ್ಯಾಸ ಇಂದು ನಿನ್ನೆಯದಲ್ಲ. ಅಮೆರಿಕದ ಗಾಲ್ವಿನ್ ಸಂಸ್ಥೆಯು 1930ರಲ್ಲಿ ‘ಮೊಟೊರೋಲ’ ಎಂಬ ಹೆಸರಿನ ಕಾರು ರೇಡಿಯೋವನ್ನು ಮಾರುಕಟ್ಟೆಗೆ ತಂದಿತು. ಅಂದು ಇದ್ದದ್ದು ಒಂದೇ ಸ್ಪೀಕರು. ಇಂದು ಸಾಧಾರಣ ಕಾರಿನಲ್ಲಿಯೂ ನಾಲ್ಕಾರು ಸ್ಪೀಕರುಗಳಿರುತ್ತವೆ. ಅದೂ ಸಾಲದೆಂದು ಪ್ರತ್ಯೇಕ ಆಂಪ್ಲಿಫೈಯರು, ಸಬ್‌ವೂಫರು, ಕ್ರಾಸ್‌ಓವರುಗಳನ್ನು ಕೂರಿಸುವವರು ಅನೇಕರು. ಇವೆಲ್ಲ ಇರುವುದು ಅಬ್ಬರಕ್ಕಾಗಿ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವ ಸಂಗತಿ ಇದಕ್ಕೆ ವಿರುದ್ಧವಾಗಿದೆ. ಸರಿಯಾಗಿ ಆಯ್ದು, ಸರಿಯಾಗಿ ಹೊಂದಿಸಿದ ಸಲಕರಣೆಯಿಂದ ಕಡಿಮೆ ಧ್ವನಿಯಲ್ಲಿಯೇ ಸಂಗೀತವು ತುಂಬಿ ಕೇಳಿಸುತ್ತದೆ. ಧ್ವನಿಯನ್ನು ಏರಿಸುವ ಅಗತ್ಯ ತಪ್ಪಿದಾಗ ಕಿವಿಯೂ ಉಳಿಯುತ್ತದೆ.

ಕಿವಿಯ ಲೆಕ್ಕ

ಒಳಕಿವಿಯ ಶಂಖಾಕಾರದ ಭಾಗದಲ್ಲಿ ಸುಮಾರು 15,000 ರೋಮಕೋಶಗಳಿವೆ. ಗಾಳಿಯ ಕಂಪನವನ್ನು ನರದ ಸಂಜ್ಞೆಯಾಗಿ ಮಾರ್ಪಡಿಸುವ ಕೆಲಸ ಇವುಗಳದು. ಹುಟ್ಟುವಾಗ ಬಂದ ಈ ಕೋಶಗಳು ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಅತಿಯಾದ ಶಬ್ದದಿಂದ ಉಂಟಾದ ಶ್ರವಣದೋಷವನ್ನು ಔಷಧದಿಂದ ಸರಿಪಡಿಸಲಾಗದು ಎಂಬುದಕ್ಕೆ ಇದೇ ಕಾರಣ.

ಶಬ್ದದ ಮಟ್ಟವನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. ಅಮೆರಿಕದ ರಾಷ್ಟ್ರೀಯ ವೃತ್ತಿ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದು. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬೆಲ್ ಏರಿಕೆಗೂ ಅವಧಿಯು ಅರ್ಧಕ್ಕಿಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಕೇವಲ 15 ನಿಮಿಷ.

ನಾಚಾರಂನಿಂದ ರಜೆಗೆಂದು ಬೆಂಗಳೂರಿಗೆ ಹೊರಟ ಕುಟುಂಬವೊಂದನ್ನು ಕಲ್ಪಿಸಿಕೊಳ್ಳಬಹುದು. ದಾರಿ ಸುಮಾರು 570 ಕಿಲೋಮೀಟರು. ಪ್ರಯಾಣ ಒಂಬತ್ತು ಹತ್ತು ಗಂಟೆಗಳದು. ಹಾಡು 94 ಡೆಸಿಬೆಲ್‌ನಲ್ಲಿದ್ದರೆ ಆ ದಿನದ ಪಾಲು ಶಾದ್‌ನಗರದ ಆಸುಪಾಸಿನಲ್ಲಿಯೇ ಮುಗಿದಿರುತ್ತದೆ. 88ರಲ್ಲಿದ್ದರೆ ಕರ್ನೂಲಿನ ಹೊತ್ತಿಗೆ ಮುಗಿಯುತ್ತದೆ. 75ರಲ್ಲಿದ್ದರೆ ಊರು ಸೇರಿದರೂ ಕಿವಿಗೆ ಬಾಧೆಯಿಲ್ಲ. ಕಾರ್ಖಾನೆಯಲ್ಲಿ ದುಡಿಯುವವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಕಿವಿಯು ಯಂತ್ರದ ಶಬ್ದಕ್ಕೂ ಸಂಗೀತಕ್ಕೂ ಬೇರೆ ಬೇರೆ ಖಾತೆ ಇಡುವುದಿಲ್ಲ. ಎಲ್ಲವೂ ಒಂದೇ ಲೆಕ್ಕಕ್ಕೆ ಜಮೆಯಾಗುತ್ತದೆ.

ಧ್ವನಿಯನ್ನು ಏರಿಸುವುದೇಕೆ?

ಕಾರಿನಲ್ಲಿ ಧ್ವನಿಯನ್ನು ಏರಿಸಲು ಮುಖ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು ರಸ್ತೆಯ ಮೊರೆತ. ಹೆದ್ದಾರಿಯ ವೇಗದಲ್ಲಿ ಓಡುವ ಕಾರಿನೊಳಗೆ ಟೈರು, ಗಾಳಿ, ಎಂಜಿನ್‌ಗಳ ಶಬ್ದವು ಸಾಮಾನ್ಯವಾಗಿ 65ರಿಂದ 75 ಡೆಸಿಬೆಲ್ ಇರುತ್ತದೆ. ಇದರಲ್ಲಿ ಮಂದ್ರ ಕಂಪನಗಳ ಪಾಲೇ ಹೆಚ್ಚು. ಆದುದರಿಂದ ಸಂಗೀತದ ಮಂದ್ರಭಾಗವನ್ನು ಇದು ನುಂಗಿಹಾಕುತ್ತದೆ.

ಎರಡನೆಯದು ಕಿವಿಯ ಸ್ವಭಾವ. ಧ್ವನಿಯು ಮೆಲ್ಲಗಿದ್ದಾಗ ಕಿವಿಗೆ ಮಂದ್ರಸ್ವರಗಳು ಇನ್ನಷ್ಟು ಕ್ಷೀಣವಾಗಿ ಕೇಳಿಸುತ್ತವೆ ಎಂಬುದನ್ನು 1933ರಲ್ಲಿ ಫ್ಲೆಚರ್ ಮತ್ತು ಮನ್‌ಸನ್ ಎಂಬ ವಿಜ್ಞಾನಿಗಳು ಅಳೆದು ತೋರಿಸಿದರು. ಮಂದ್ರಭಾಗವು ತೆಳುವಾದಾಗ ಕೇಳುಗನಿಗೆ ಏನೋ ಕೊರತೆಯೆನಿಸಿ, ಆತ ಇಡೀ ಧ್ವನಿಯನ್ನೇ ಏರಿಸುತ್ತಾನೆ. ಮಂದ್ರವು ತುಂಬಿಬರುವಷ್ಟರಲ್ಲಿ ತಾರಸ್ವರಗಳು ಕಿವಿಯನ್ನು ಇರಿಯತೊಡಗುತ್ತವೆ. ಕೊರತೆಯಿರುವ ಭಾಗವನ್ನಷ್ಟೇ ತುಂಬಿಕೊಟ್ಟರೆ ಈ ಏರಿಕೆ ಬೇಕಾಗುವುದಿಲ್ಲ. ಸಲಕರಣೆಯ ಆಯ್ಕೆಯೆಲ್ಲವೂ ಈ ತತ್ತ್ವದ ಮೇಲೆ ನಿಂತಿದೆ.

ಸ್ಪೀಕರಿನ ಆಯ್ಕೆ

ಒಂದೇ ಚೌಕಟ್ಟಿನಲ್ಲಿ ದೊಡ್ಡ ಶಂಕುವನ್ನೂ ಅದರ ನಡುವೆ ಚಿಕ್ಕ ಟ್ವೀಟರನ್ನೂ ಕೂರಿಸಿದ ಸ್ಪೀಕರಿಗೆ ಕೋಆಕ್ಸಿಯಲ್ ಎಂದು ಹೆಸರು. ಇದು ಅಗ್ಗ, ಕೂರಿಸುವುದೂ ಸುಲಭ. ವೂಫರನ್ನು ಬಾಗಿಲಿನಲ್ಲಿಯೂ ಟ್ವೀಟರನ್ನು ಕಿವಿಯ ಎತ್ತರಕ್ಕೆ ಸಮೀಪವಾಗಿಯೂ ಬೇರೆ ಬೇರೆ ಇಡುವ ವ್ಯವಸ್ಥೆಗೆ ಕಾಂಪೊನೆಂಟ್ ಎನ್ನುತ್ತಾರೆ. ಇದರಲ್ಲಿ ಹಾಡು ಮೊಣಕಾಲಿನ ಬಳಿಯಿಂದ ಬಾರದೆ ಎದುರಿನ ವೇದಿಕೆಯಿಂದ ಬಂದಂತಾಗುತ್ತದೆ. ಹಣವು ಮಿತವಾಗಿದ್ದರೆ ಮುಂಬಾಗಿಲುಗಳಿಗೆ ಒಳ್ಳೆಯ ಜೋಡಿಯೊಂದನ್ನು ಹಾಕಿಸಿ ಹಿಂಭಾಗವನ್ನು ಹಾಗೆಯೇ ಬಿಡುವುದು ಲೇಸು. ಹಿಂದಿನ ಸ್ಪೀಕರುಗಳು ಮಕ್ಕಳ ಕಿವಿಗೆ ಬಲು ಹತ್ತಿರವಿರುತ್ತವೆ ಎಂಬುದನ್ನು ಮರೆಯಬಾರದು.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿದ ಗರಿಷ್ಠ ವಾಟ್‌ನಿಂದ ಏನೂ ತಿಳಿಯದು. ನೋಡಬೇಕಾದದ್ದು ಸತತವಾಗಿ ತಾಳಬಲ್ಲ ಆರ್.ಎಂ.ಎಸ್. ವಾಟ್ ಮತ್ತು ಸಂವೇದನಾ ಮಟ್ಟ. 1 ವಾಟ್ ಶಕ್ತಿಗೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬುದೇ ಸಂವೇದನಾ ಮಟ್ಟ. 90 ಡೆಸಿಬೆಲ್ ಸ್ಪೀಕರಿಗೆ ಬೇಕಾಗುವ ಶಕ್ತಿಯು 87 ಡೆಸಿಬೆಲ್ ಸ್ಪೀಕರಿಗೆ ಬೇಕಾಗುವುದರ ಅರ್ಧದಷ್ಟು ಮಾತ್ರ.

ಅಂಗಡಿಯಲ್ಲಿ ಪರೀಕ್ಷಿಸುವಾಗ ಅವರು ಹಾಕುವ ಅಬ್ಬರದ ಹಾಡಿಗೆ ಮಾರುಹೋಗದೆ ಪರಿಚಿತ ಸಂಗೀತವನ್ನೇ ಕೇಳಬೇಕು. ಗಂಗೂಬಾಯಿ ಹಾನಗಲ್ಲರ ಗಂಭೀರ ಕಂಠದ ಹಿಂದೆ ತಂಬೂರಿಯ ಶ್ರುತಿ ಬೇರೆಯಾಗಿ ಕೇಳಿಸುತ್ತದೆಯೇ? ಯಕ್ಷಗಾನದ ಚೆಂಡೆಯ ಪೆಟ್ಟಿನಲ್ಲಿ ಮದ್ದಳೆಯ ನಾದವು ಮುಳುಗಿಹೋಗದೆ ಉಳಿಯುತ್ತದೆಯೇ? ಮೆಲುಧ್ವನಿಯಲ್ಲಿ ಇವು ಸ್ಪಷ್ಟವಾಗಿದ್ದರೆ ಸ್ಪೀಕರು ಯೋಗ್ಯವಾದುದೆಂದು ತಿಳಿಯಬಹುದು.

ಕ್ರಾಸ್‌ಓವರಿನ ಕೆಲಸ

ಮೃದಂಗದ ಎಡಭಾಗವು ಮಂದ್ರನಾದವನ್ನೂ ಬಲಭಾಗವು ಎತ್ತರದ ನಾದವನ್ನೂ ಕೊಡುತ್ತದೆ. ಒಂದರ ಕೆಲಸವನ್ನು ಇನ್ನೊಂದಕ್ಕೆ ಯಾರೂ ಒಪ್ಪಿಸುವುದಿಲ್ಲ. ಸ್ಪೀಕರುಗಳಲ್ಲಿ ಇಂತಹ ಕೆಲಸದ ಹಂಚಿಕೆಯನ್ನು ಮಾಡುವುದೇ ಕ್ರಾಸ್‌ಓವರ್. ಮನುಷ್ಯನ ಕಿವಿ ಗ್ರಹಿಸುವ ವ್ಯಾಪ್ತಿ 20ರಿಂದ 20,000 ಹರ್ಟ್ಸ್. ಯಾವುದೇ ಒಂದು ಸ್ಪೀಕರು ಇಷ್ಟನ್ನೂ ಚೆನ್ನಾಗಿ ನುಡಿಸಲಾರದು. ಟ್ವೀಟರಿಗೆ ಮಂದ್ರ ಕಂಪನಗಳು ಹೋದರೆ ಅದರ ಸೂಕ್ಷ್ಮವಾದ ಸುರುಳಿ ಸುಟ್ಟುಹೋಗುತ್ತದೆ.

ಕ್ರಾಸ್‌ಓವರುಗಳು ಎರಡು ಬಗೆ. ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವೆ ಕೂರುವುದು ಪ್ಯಾಸಿವ್. ಇದರಲ್ಲಿರುವ ತಂತಿಸುರುಳಿಯು ತಾರ ಕಂಪನಗಳನ್ನು ತಡೆದು ಮಂದ್ರವನ್ನು ಬಿಡುತ್ತದೆ. ಕೆಪಾಸಿಟರು ಮಂದ್ರವನ್ನು ತಡೆದು ತಾರವನ್ನು ಬಿಡುತ್ತದೆ. ಉದಾಹರಣೆಗೆ, 4 ಓಮ್‌ನ ಟ್ವೀಟರಿಗೆ 4,000 ಹರ್ಟ್ಸ್‌ನಿಂದ ಮೇಲಿನದನ್ನು ಮಾತ್ರ ಕಳಿಸಬೇಕಾದರೆ ಸುಮಾರು 10 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರು ಸಾಕು. ಆಗ ತಡೆಯ ಪ್ರಮಾಣವು ಪ್ರತಿ ಸ್ಥಾಯಿಗೆ 6 ಡೆಸಿಬೆಲ್. ಸುರುಳಿಯೊಂದನ್ನು ಕೂಡಿಸಿದರೆ 12. ಆಂಪ್ಲಿಫೈಯರಿಗೆ ಮುಂಚೆಯೇ ಸಂಜ್ಞೆಯನ್ನು ವಿಭಾಗಿಸುವುದು ಆ್ಯಕ್ಟಿವ್ ಬಗೆ. ಈಗಿನ ಬಹುತೇಕ ಆಂಪ್ಲಿಫೈಯರುಗಳೊಳಗೆ ಇದು ಅಡಕವಾಗಿಯೇ ಇರುತ್ತದೆ.

ಸಬ್‌ವೂಫರು ಇದ್ದರೆ ಸುಮಾರು 80 ಹರ್ಟ್ಸ್‌ನಲ್ಲಿ ಗಡಿಯನ್ನಿಟ್ಟು, ಕೆಳಗಿನದನ್ನು ಅದಕ್ಕೂ ಮೇಲಿನದನ್ನು ಬಾಗಿಲಿನ ಸ್ಪೀಕರುಗಳಿಗೂ ಒಪ್ಪಿಸುವುದು ಒಳ್ಳೆಯ ಆರಂಭ. ಭಾರವಿಳಿದ ಬಾಗಿಲಿನ ಸ್ಪೀಕರುಗಳು ಕಂಠವನ್ನು ತಿಳಿಯಾಗಿ ನುಡಿಸುತ್ತವೆ. ಮಿತದಲ್ಲಿಟ್ಟ ಸಬ್‌ವೂಫರು ಹೀಗೆ ಕಿವಿಗೆ ಮಿತ್ರನೇ. ಹಿಂದಿನ ಗಾಜು ನಡುಗುವಂತೆ ಏರಿಸಿದಾಗ ಮಾತ್ರ ಶತ್ರು.

ಆಂಪ್ಲಿಫೈಯರಿನ ಶಕ್ತಿ

ಧ್ವನಿಯನ್ನು ದೂರಕ್ಕೆ ಮುಟ್ಟಿಸಬೇಕು, ನಾದವೂ ಕೆಡಬಾರದು. ಮೈಕಿನ ಬಳಕೆ ವ್ಯಾಪಕವಾಗಿರದ ಕಾಲದಲ್ಲಿ ಈ ಸಮಸ್ಯೆಯನ್ನು ಎದುರಿಸಿದ ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಮೂರು ತಂತಿಗಳನ್ನು ಹೆಚ್ಚಾಗಿ ಕಟ್ಟಿ ಏಳು ತಂತಿಯ ವಾದ್ಯವನ್ನು ರೂಢಿಗೆ ತಂದರು. ಕಾರಿನಲ್ಲಿ ಈ ಕೆಲಸ ಆಂಪ್ಲಿಫೈಯರಿನದು.

ಕಾರಿನ ಸ್ಟೀರಿಯೋದ ಮೇಲೆ ‘50 ವಾಟ್, ನಾಲ್ಕು ಚಾನೆಲ್’ ಎಂದು ಬರೆದಿರುವುದುಂಟು. ಎಂಜಿನ್ ಓಡುವಾಗ ಕಾರಿನಲ್ಲಿ ದೊರೆಯುವ ವಿದ್ಯುತ್ ಒತ್ತಡ ಹೆಚ್ಚೆಂದರೆ 14.4 ವೋಲ್ಟ್ ಸುಮಾರು. ಒತ್ತಡವನ್ನು ಏರಿಸುವ ಪ್ರತ್ಯೇಕ ಮಂಡಲವಿಲ್ಲದೆ ಇದರಿಂದ 4 ಓಮ್ ಸ್ಪೀಕರಿಗೆ ಶುದ್ಧ ರೂಪದಲ್ಲಿ ಸಿಗಬಹುದಾದದ್ದು ಗಣಿತದ ಪ್ರಕಾರವೇ 26 ವಾಟ್. ವ್ಯವಹಾರದಲ್ಲಿ 20ರ ಆಸುಪಾಸು. ಅದಕ್ಕೂ ಮೀರಿ ಗುಂಡಿಯನ್ನು ತಿರುಗಿಸಿದರೆ ತರಂಗಗಳ ತುದಿಗಳು ಕತ್ತರಿಸಿಹೋಗಿ ಧ್ವನಿ ಒಡೆಯುತ್ತದೆ. ಇದನ್ನು ಕ್ಲಿಪ್ಪಿಂಗ್ ಎನ್ನುತ್ತಾರೆ. ಅನೇಕ ಟ್ವೀಟರುಗಳು ಸುಡುವುದು, ಕೇಳುಗರಿಗೆ ತಲೆನೋವು ಬರುವುದು ಈ ಒಡಕಿನಿಂದಲೇ. ಸ್ಪೀಕರಿನ ಆರ್.ಎಂ.ಎಸ್. ವಾಟ್‌ಗೆ ಸರಿಹೊಂದುವ ಆಂಪ್ಲಿಫೈಯರು ಇದ್ದರೆ ಅದನ್ನು ಹಿಂಡಬೇಕಾಗುವುದಿಲ್ಲ. ಡಿ ವರ್ಗದ ಆಂಪ್ಲಿಫೈಯರುಗಳು ಚಿಕ್ಕವು, ಕಡಿಮೆ ಬಿಸಿಯಾಗತಕ್ಕವು. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಮೀರುವ ಹೈದರಾಬಾದಿನಲ್ಲಿ ಇದು ಸಣ್ಣ ಅನುಕೂಲವಲ್ಲ.

ಜೋಡಣೆಯಲ್ಲಿ ಎಚ್ಚರಿಕೆ

ಒಟ್ಟು 400 ವಾಟ್‌ನ ಆಂಪ್ಲಿಫೈಯರು, ಶೇಕಡಾ 80ರಷ್ಟು ದಕ್ಷತೆಯಿದ್ದರೂ, ಪೂರ್ಣಶಕ್ತಿಯಲ್ಲಿ ಸುಮಾರು 36 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಸಣ್ಣ ತಂತಿ ಇದನ್ನು ತಾಳದೆ ಕಾದು ಬೆಂಕಿಗೆ ಕಾರಣವಾಗಬಹುದು. ಆದುದರಿಂದ ದಪ್ಪನೆಯ ಶುದ್ಧ ತಾಮ್ರದ ತಂತಿಯನ್ನೇ ಬಳಸಬೇಕು; ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ತಂತಿ ನೋಡಲು ಒಂದೇ ರೀತಿಯಿದ್ದರೂ ಸಾಗಿಸುವ ಶಕ್ತಿ ಕಡಿಮೆ. ಬ್ಯಾಟರಿಯಿಂದ ಸುಮಾರು 45 ಸೆಂಟಿಮೀಟರಿನೊಳಗೆ ಫ್ಯೂಸ್ ಇರಲೇಬೇಕು. ನೆಲತಂತಿಯನ್ನು ಬಣ್ಣ ಕೆರೆದ ಬರಿಯ ಲೋಹಕ್ಕೆ ಬಿಗಿಯಬೇಕು. ಸಂಜ್ಞೆಯ ತಂತಿಯನ್ನು ಕಾರಿನ ಒಂದು ಪಕ್ಕದಲ್ಲಿ, ವಿದ್ಯುತ್ತಿನ ತಂತಿಯನ್ನು ಇನ್ನೊಂದು ಪಕ್ಕದಲ್ಲಿ ಒಯ್ದರೆ ಎಂಜಿನ್ನಿನೊಂದಿಗೆ ಏರಿಳಿಯುವ ಕೀರಲು ಶಬ್ದದ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಕಾರಿನ ಮೂಲ ತಂತಿಗಳನ್ನು ಕತ್ತರಿಸದೆ ಅದೇ ಮಾದರಿಗೆ ದೊರೆಯುವ ಕಪ್ಲರುಗಳನ್ನು ಬಳಸುವುದು ಕ್ಷೇಮ. ಏರ್‌ಬ್ಯಾಗಿನ ತಂತಿಗಳ ಸಮೀಪಕ್ಕೆ ಯಾವ ಕಾರಣಕ್ಕೂ ಹೋಗಕೂಡದು.

ಬಾಗಿಲಿನ ತಗಡಿಗೆ ಬ್ಯುಟೈಲ್ ರಬ್ಬರಿನ ಹಾಳೆಗಳನ್ನು ಅಂಟಿಸಿ, ಒಳಭಾಗದ ತೂತುಗಳನ್ನು ಮುಚ್ಚಿಸುವುದು ಅತ್ಯಂತ ಫಲದಾಯಕವಾದ ಕೆಲಸ. ಆದರೆ ಮಳೆನೀರು ಹೊರಹೋಗುವ ಕೆಳಗಿನ ರಂಧ್ರಗಳನ್ನು ಮುಚ್ಚಬಾರದು. ತಗಡಿನ ಅದುರುವಿಕೆ ನಿಂತು, ಹೊರಗಿನ ಮೊರೆತವೂ ಇಳಿಯುತ್ತದೆ.

ಹೊಂದಿಸುವ ಕ್ರಮ

ಆಂಪ್ಲಿಫೈಯರಿನಲ್ಲಿರುವ ಗೇನ್ ತಿರುಪು ಧ್ವನಿಯನ್ನು ಏರಿಸುವುದಕ್ಕಲ್ಲ, ಸ್ಟೀರಿಯೋದ ಸಂಜ್ಞೆಗೆ ಆಂಪ್ಲಿಫೈಯರನ್ನು ಹೊಂದಿಸುವುದಕ್ಕೆ. ಮೊದಲು ಬಾಸ್, ಟ್ರೆಬಲ್‌ಗಳನ್ನು ಸಮಸ್ಥಿತಿಯಲ್ಲಿಟ್ಟು, ಗೇನನ್ನು ಪೂರ್ತಿ ಇಳಿಸಿ, ಸ್ಟೀರಿಯೋವನ್ನು ಮುಕ್ಕಾಲು ಭಾಗಕ್ಕೆ ಏರಿಸಬೇಕು. ಬಳಿಕ ಗೇನನ್ನು ನಿಧಾನವಾಗಿ ತಿರುಗಿಸುತ್ತ, ಧ್ವನಿ ಒಡೆಯುವ ಮುನ್ನವೇ ನಿಲ್ಲಿಸಿ, ತುಸು ಹಿಂದಕ್ಕೆ ತರಬೇಕು. ಇದನ್ನು ಕೆಲವೇ ನಿಮಿಷಗಳಲ್ಲಿ, ಕಿವಿಗೆ ರಕ್ಷಣೆ ಇಟ್ಟುಕೊಂಡು ಮುಗಿಸುವುದು ಒಳಿತು. ಮಂದ್ರವು ಪೊಳ್ಳಾಗಿ ಕೇಳಿಸಿದರೆ ಒಂದು ಸ್ಪೀಕರಿನ ಧನ ಋಣ ತಂತಿಗಳು ಅದಲುಬದಲಾಗಿರಬಹುದು. ಆಗ ಒಂದು ಶಂಕು ಮುಂದಕ್ಕೆ ಹೋಗುವಾಗ ಇನ್ನೊಂದು ಹಿಂದಕ್ಕೆ ಸರಿದು ಪರಸ್ಪರ ಅಳಿಸಿಹಾಕುತ್ತವೆ.

ನಮ್ಮ ದೇಶದ ಕಾರುಗಳಲ್ಲಿ ಚಾಲಕನು ಬಲಗಡೆ ಕೂರುವುದರಿಂದ ಬಲಸ್ಪೀಕರಿನ ಧ್ವನಿ ಅವನನ್ನು ಮೊದಲು ಮುಟ್ಟುತ್ತದೆ. ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದರಿಂದ 60 ಸೆಂಟಿಮೀಟರಿನ ಅಂತರಕ್ಕೆ 1.75 ಮಿಲಿಸೆಕೆಂಡಿನ ವ್ಯತ್ಯಾಸವಾಗುತ್ತದೆ. ಇಂದಿನ ಡಿಜಿಟಲ್ ಸಂಸ್ಕಾರಕಗಳಲ್ಲಿ ಬಲಸ್ಪೀಕರನ್ನು ಅಷ್ಟು ತಡಮಾಡಿದರೆ ಗಾಯಕನು ಎದುರಿನಲ್ಲಿಯೇ ಕುಳಿತಂತಾಗುತ್ತದೆ.

ನೆರೆಹೊರೆ ಮತ್ತು ತಪಾಸಣೆ

ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳಂತೆ ವಾಸದ ಪ್ರದೇಶಗಳಲ್ಲಿ ಮಿತಿಯು ಹಗಲು 55, ರಾತ್ರಿ 45 ಡೆಸಿಬೆಲ್. ಕೈಗಾರಿಕಾ ಪ್ರದೇಶಗಳಲ್ಲಿ 75 ಮತ್ತು 70. ನಿಶ್ಶಬ್ದ ವಲಯಗಳಲ್ಲಿ 50 ಮತ್ತು 40. ಇ.ಎಸ್.ಐ. ಆಸ್ಪತ್ರೆಯೂ ಮನೆಗಳೂ ಕಾರ್ಖಾನೆಗಳೂ ಒತ್ತಾಗಿರುವ ನಾಚಾರಂನಂತಹ ಕಡೆ ಕಿಟಕಿ ತೆರೆದು ಹಾಡು ಮೊಳಗಿಸುವುದು ರೋಗಿಗಳಿಗೂ ರಾತ್ರಿಪಾಳಿ ಮುಗಿಸಿ ಮಲಗಿದವರಿಗೂ ಹಿಂಸೆ. ಆಂಬುಲೆನ್ಸಿನ ಸದ್ದು ಚಾಲಕನಿಗೆ ಕೇಳಿಸದಿದ್ದರೆ ಅದು ಇನ್ನೂ ದೊಡ್ಡ ಅಪಾಯ.

ಪ್ರಯಾಣ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವುದು, ಎದುರಿನವರ ಮಾತು ಮಂಕಾಗಿ ಕೇಳಿಸುವುದು ಮೊದಲ ಎಚ್ಚರಿಕೆಗಳು. ಶಬ್ದದ ಪೆಟ್ಟು ಮೊದಲು ಬೀಳುವುದು 4,000 ಹರ್ಟ್ಸ್‌ನ ಆಸುಪಾಸಿಗೆ. ಆಗ ಸ, ಶ, ತ, ಪ ಮುಂತಾದ ವ್ಯಂಜನಗಳು ಜಾರಿಹೋಗಿ, ‘ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ’ ಎಂಬ ಸ್ಥಿತಿ ಬರುತ್ತದೆ. ಇಂತಹವರು ತಡಮಾಡದೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹೈದರಾಬಾದಿನಲ್ಲಿ ಕೋಠಿಯ ಸರ್ಕಾರಿ ಕಿವಿ ಮೂಗು ಗಂಟಲು ಆಸ್ಪತ್ರೆಯಿದೆ. ಊರಿಗೆ ಹೋದಾಗ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಯಂತ್ರಗಳ ನಡುವೆ ದುಡಿಯುವವರು ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆಗೆ ಒಳಗಾಗುವುದು ವಿವೇಕ.

ಕೊಳ್ಳುವವರು ಅನುಸರಿಸಬಹುದಾದ ಕ್ರಮವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು:

1. ಮೊದಲು ಬಾಗಿಲುಗಳ ಅದುರುವಿಕೆಯನ್ನು ನಿಲ್ಲಿಸುವುದು.
2. ಅನಂತರ ಮುಂಭಾಗಕ್ಕೆ ಒಂದು ಒಳ್ಳೆಯ ಸ್ಪೀಕರು ಜೋಡಿ.
3. ಅದಕ್ಕೆ ಒಪ್ಪುವ ಆಂಪ್ಲಿಫೈಯರು, ಫ್ಯೂಸ್ ಮತ್ತು ತಾಮ್ರದ ತಂತಿ.
4. ಸ್ಥಳವೂ ಹಣವೂ ಇದ್ದರೆ ಚಿಕ್ಕದೊಂದು ಸಬ್‌ವೂಫರು.
5. ಎಲ್ಲ ಮುಗಿದ ಮೇಲೆ, ಪಕ್ಕದಲ್ಲಿ ಕುಳಿತವರೊಡನೆ ಗಂಟಲೆತ್ತರಿಸದೆ ಮಾತನಾಡಲು ಸಾಧ್ಯವೇ ಎಂದು ನೋಡುವುದು.

ಈ ಐದನೆಯ ಪರೀಕ್ಷೆಗೆ ಯಾವ ಮಾಪಕವೂ ಬೇಡ. ಮಾತು ಕೇಳಿಸದಷ್ಟು ಹಾಡು ಹಾಕಿದರೆ ಹಾಡೂ ಮಾತೂ ಕೇಳಿಸದ ಮುಪ್ಪು ಬೇಗನೆ ಬರುತ್ತದೆ. ಸ್ಪೀಕರನ್ನು ಬದಲಾಯಿಸಬಹುದು, ಆಂಪ್ಲಿಫೈಯರನ್ನು ರಿಪೇರಿ ಮಾಡಿಸಬಹುದು. ಒಳಕಿವಿಯ ಬಿಡಿಭಾಗಗಳು ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ.