ಒಂಟಿ ಸೈಕಲ್ಲಿನಲ್ಲಿ ಸ್ಪಿತಿ: ದಾರಿ, ದಣಿವು, ಖರ್ಚು

ಹಿಮಾಚಲ ಪ್ರದೇಶದ ಶಿಮ್ಲಾದಿಂದ ಹೊರಟು, ಕಿನ್ನೌರ್ ಜಿಲ್ಲೆ ಹಾಯ್ದು, ಸ್ಪಿತಿ ಕಣಿವೆ ಹೊಕ್ಕು, ಕುಂಜುಮ್ ಪಾಸ್ ದಾಟಿ ಮನಾಲಿಗೆ ಇಳಿಯುವ ಒಂದು ದಾರಿ ಇದೆ. ಪಾಸ್ ಎಂದರೆ ಎರಡು ಶಿಖರಗಳ ನಡುವೆ ದಾಟಿಹೋಗಲು ಸಿಗುವ ತಗ್ಗು ಜಾಗ. ತಗ್ಗು ಎಂದರೂ ಕುಂಜುಮ್ ಇರುವುದು 4,551 ಮೀಟರ್ ಎತ್ತರದಲ್ಲಿ. ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿಗಿಂತ ಶಿಮ್ಲಾ ಪಟ್ಟಣವೇ ಮೇಲಿದೆ. ಅಂದರೆ ನಮ್ಮ ಬೆಟ್ಟಗಳು ಮುಗಿಯುವಲ್ಲಿ ಈ ಪ್ರಯಾಣ ಶುರುವಾಗುತ್ತದೆ. ಒಟ್ಟು ದೂರ 600ರಿಂದ 650 ಕಿ.ಮೀ. ಸೈಕಲ್ಲಿನಲ್ಲಿ ಎರಡು ವಾರಕ್ಕಿಂತ ತುಸು ಹೆಚ್ಚೇ ಬೇಕು. ಮೂರು ವಾರ ರಜೆ ಸಿಕ್ಕರೆ ಇನ್ನೂ ಒಳ್ಳೆಯದು.

ಒಬ್ಬರೇ ಹೋಗಬಹುದೇ? ಹೋಗಬಹುದು, ಪ್ರತಿವರ್ಷ ಹೋಗುವವರಿದ್ದಾರೆ. ಶಿಮ್ಲಾದಿಂದ ಸ್ಪಿತಿಯ ಕೊನೆಯ ಹಳ್ಳಿ ಲೋಸರ್‌ವರೆಗೆ ಹಳ್ಳಿಗಳು ಸಿಗುತ್ತಲೇ ಇರುತ್ತವೆ. ಬಸ್ಸು ಓಡುತ್ತದೆ, ಸೈನ್ಯದ ಲಾರಿ ಓಡುತ್ತದೆ, ಕೈ ಅಡ್ಡ ಹಿಡಿದರೆ ಪಿಕಪ್ ಗಾಡಿಯವರು ನಿಲ್ಲಿಸುತ್ತಾರೆ. ನಿಜವಾದ ಒಂಟಿತನ ಲೋಸರ್ ದಾಟಿದ ಮೇಲೆ. ಅಲ್ಲಿಂದ ಕುಂಜುಮ್ ದಾಟಿ, ಮನಾಲಿ ರಸ್ತೆ ಸೇರುವ ಗ್ರಾಂಫೂವರೆಗೆ ಊರುಗಳಿಲ್ಲ. ಬಾತಲ್, ಛತ್ರು ಎಂಬಲ್ಲಿ ಬೇಸಿಗೆಯಲ್ಲಿ ಮಾತ್ರ ತೆರೆಯುವ ಢಾಬಾಗಳಿವೆ, ಅಷ್ಟೆ. ಆ ತುಂಡಿಗೆ ಮಾತ್ರ ಬೇರೆಯದೇ ಸಿದ್ಧತೆ ಬೇಕು.

ಭಾರತೀಯರಿಗೆ ಈ ದಾರಿಯಲ್ಲಿ ಪರವಾನಗಿ ಬೇಕಿಲ್ಲ. ವಿದೇಶಿ ಪಾಸ್‌ಪೋರ್ಟ್ ಇರುವವರು ಇನ್ನರ್ ಲೈನ್ ಪರ್ಮಿಟ್, ಅಂದರೆ ಗಡಿ ಪ್ರದೇಶದ ಪ್ರವೇಶಪತ್ರ, ಮಾಡಿಸಬೇಕು. ಹೊರದೇಶದ ಪೌರತ್ವ ಪಡೆದ ಕನ್ನಡಿಗರಿಗೂ ಇದು ಅನ್ವಯ. ಶಿಮ್ಲಾ ಕಡೆಯಿಂದ ಹೋದರೆ ಅದು ಕಿನ್ನೌರಿನ ಜಿಲ್ಲಾ ಕೇಂದ್ರ ರೆಕಾಂಗ್ ಪಿಯೋದಲ್ಲಿ ಸಿಗುತ್ತದೆ. ಯಾರೇ ಆಗಲಿ, ಗುರುತಿನ ಚೀಟಿ ಕೈಗೆ ಸಿಗುವಂತಿರಲಿ.

ಈಗ ಎಲ್ಲಕ್ಕಿಂತ ಮುಖ್ಯವಾದ ತೀರ್ಮಾನ: ಯಾವ ಕಡೆಯಿಂದ ಹೊರಡುವುದು? ಹೆಚ್ಚಿನವರು ಮನಾಲಿ ಎನ್ನುತ್ತಾರೆ, ಹತ್ತಿರವೆಂದು. ನನ್ನ ಮಾತು ಕೇಳಿ, ಶಿಮ್ಲಾದಿಂದ ಹೊರಡಿ. ಮನಾಲಿ ಇರುವುದು ಸುಮಾರು 2,000 ಮೀಟರಿನಲ್ಲಿ. ಅಲ್ಲಿಂದ ಎರಡು ಮೂರು ದಿನಕ್ಕೇ 4,000 ಮೀಟರ್ ಆಸುಪಾಸಿನ ಬಾತಲ್‌ನಲ್ಲಿ ಮಲಗಬೇಕಾಗುತ್ತದೆ. ದೇಹಕ್ಕೆ ಅದು ಒಗ್ಗದು. ಶಿಮ್ಲಾ ಕಡೆಯ ದಾರಿ ನಿಧಾನವಾಗಿ ಮೇಲೇರುತ್ತದೆ.

ಒಗ್ಗುವುದು ಎಂದರೇನು? ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಕುಂಜುಮ್ ಎತ್ತರದಲ್ಲಿ ಅದು ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಪ್ರತಿ ಉಸಿರಿಗೂ ಆಮ್ಲಜನಕ ಅಷ್ಟು ಕಡಿಮೆ. ದೇಹ ಮೊದಲು ಉಸಿರಾಟ ಹೆಚ್ಚಿಸಿಕೊಳ್ಳುತ್ತದೆ, ಆಮೇಲೆ ರಕ್ತವನ್ನು ಹೊಂದಿಸಿಕೊಳ್ಳುತ್ತದೆ. ಇದಕ್ಕೆ ದಿನಗಳು ಬೇಕು. ನಂದಿಬೆಟ್ಟವನ್ನು ವಾರ ವಾರ ಹತ್ತಿದವರಿಗೂ, ಚಾರ್ಮಾಡಿ ಘಾಟಿಯನ್ನು ಎಲ್ಲೂ ನಿಲ್ಲದೆ ಏರಿದವರಿಗೂ ಇದರಲ್ಲಿ ವಿನಾಯಿತಿ ಇಲ್ಲ. ಅಭ್ಯಾಸದಿಂದ ಕಾಲು ಗಟ್ಟಿಯಾಗುತ್ತದೆಯೇ ಹೊರತು ರಕ್ತ ಎತ್ತರಕ್ಕೆ ಒಗ್ಗುವುದಿಲ್ಲ. ಗಟ್ಟಿ ಕಾಲಿನವರೇ ಬೇಗ ಮೇಲೇರಿ ತೊಂದರೆಗೆ ಸಿಕ್ಕಿಕೊಳ್ಳುವುದು ಹೆಚ್ಚು.

ವೈದ್ಯರು ಹೇಳುವ ಸೂತ್ರ ಸರಳ. 3,000 ಮೀಟರ್ ದಾಟಿದ ಮೇಲೆ, ಇವತ್ತು ಮಲಗುವ ಜಾಗ ನಿನ್ನೆ ಮಲಗಿದ ಜಾಗಕ್ಕಿಂತ 500 ಮೀಟರಿಗಿಂತ ಹೆಚ್ಚು ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ಕಳೆಯಬೇಕು. ಲೆಕ್ಕಕ್ಕೆ ಬರುವುದು ಮಲಗುವ ಎತ್ತರ. ಹಗಲಲ್ಲಿ ಮೇಲೆ ಹೋಗಿ ರಾತ್ರಿ ಇಳಿದು ಬಂದರೆ ಲಾಭವೇ.

ತಲೆನೋವು, ಹೊಟ್ಟೆ ತೊಳಸುವುದು, ಊಟ ಬೇಡವೆನಿಸುವುದು, ನಿದ್ದೆ ಬಾರದಿರುವುದು ಎತ್ತರದ ಕಾಯಿಲೆಯ ಮೊದಲ ಲಕ್ಷಣಗಳು. ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ಕೆಮ್ಮಿನಲ್ಲಿ ನೊರೆ ಬಂದರೆ, ನೇರ ಗೆರೆಯ ಮೇಲೆ ನಡೆಯಲಾಗದೆ ತೂರಾಡಿದರೆ, ಮಾತು ತಡವರಿಸಿದರೆ, ರಾತ್ರಿಯಾದರೂ ಸರಿ, ಗಾಡಿ ಹಿಡಿದು ಕೆಳಗಿಳಿಯಬೇಕು. ಒಬ್ಬರೇ ಇದ್ದಾಗಿನ ತೊಡಕು ಇಲ್ಲೇ ಇದೆ. ತೂರಾಡುವವನಿಗೆ ತಾನು ತೂರಾಡುತ್ತಿದ್ದೇನೆಂದು ಗೊತ್ತಾಗುವುದಿಲ್ಲ. ಆದ್ದರಿಂದ ತಂಗಿದ ಮನೆಯವರಿಗೆ ಸಂಜೆಯೇ ಹೇಳಿಬಿಡಿ: ‘ತಲೆ ನೋಯ್ತಿದೆ, ಬೆಳಿಗ್ಗೆ ನಾನು ಏಳದಿದ್ದರೆ ಬಾಗಿಲು ಬಡಿಯಿರಿ.’ ಅವರು ಇಂಥವರನ್ನು ಬಹಳ ನೋಡಿದ್ದಾರೆ. ಸ್ಪಿತಿಯ ಮುಖ್ಯ ಊರಾದ ಕಾಜಾದಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ, ರೆಕಾಂಗ್ ಪಿಯೋದಲ್ಲಿ ಜಿಲ್ಲಾ ಆಸ್ಪತ್ರೆ. ಅಸೆಟಜೋಲಮೈಡ್ ಎಂಬ ಮಾತ್ರೆ (ಡಯಮಾಕ್ಸ್ ಹೆಸರಿನಲ್ಲಿ ಸಿಗುತ್ತದೆ) ಒಗ್ಗುವಿಕೆಯನ್ನು ಚುರುಕುಗೊಳಿಸುತ್ತದೆ. ಸಲ್ಫಾ ಔಷಧಿಗಳ ಅಲರ್ಜಿ ಇದ್ದವರಿಗೆ ಅದು ಆಗದಿರಬಹುದು. ಊರಲ್ಲೇ ವೈದ್ಯರನ್ನು ಕಂಡು ಬರೆಸಿಕೊಂಡು ಹೋಗಿ.

ದಾರಿ ಹೀಗೆ ಸಾಗುತ್ತದೆ. ಮೊದಲ ದಿನ ನಾರಕಂಡಾ, 2,700 ಮೀಟರ್. ಮರುದಿನ ಸಟ್ಲೆಜ್ ನದಿಯ ದಡದ ರಾಂಪುರಕ್ಕೆ ಉದ್ದನೆಯ ಇಳಿಜಾರು, ಅಲ್ಲಿ ಎತ್ತರ ಬರೀ 1,000 ಮೀಟರ್. ಗಳಿಸಿದ್ದನ್ನೆಲ್ಲ ಕಳೆದುಕೊಂಡೆವಲ್ಲ ಎಂದು ಹೊಟ್ಟೆ ಉರಿಯುತ್ತದೆ, ಇರಲಿ. ಮುಂದೆ ನದಿಯ ಜೊತೆಗೇ ಟಾಪ್ರಿ, ಆಮೇಲೆ ರೆಕಾಂಗ್ ಪಿಯೋ, ಅದರ ಮೇಲಿನ ಕಲ್ಪಾ. ಕಲ್ಪಾದಲ್ಲಿ ಎರಡು ರಾತ್ರಿ ಇರಿ. ಎದುರಿಗೇ ಕಿನ್ನರ ಕೈಲಾಸ ಶಿಖರ ಕಾಣುತ್ತದೆ, ಬೇಸರವಾಗದು. ನಂತರ ಪೂಹ್. ಅದನ್ನು ದಾಟಿ ಖಾಬ್ ಎಂಬಲ್ಲಿ ಸ್ಪಿತಿ ನದಿ ಬಂದು ಸಟ್ಲೆಜನ್ನು ಸೇರುತ್ತದೆ. ಅಲ್ಲಿಂದ ನಾಕೋಗೆ ಸಾವಿರ ಮೀಟರಿಗಿಂತ ಹೆಚ್ಚು ಏರು, ತಿರುವಿನ ಮೇಲೆ ತಿರುವು. ಇಡೀ ಪ್ರಯಾಣದಲ್ಲಿ ಅತಿ ಕಷ್ಟದ ದಿನ ಇದೇ, ಕುಂಜುಮ್ ಅಲ್ಲ. ಇಲ್ಲಿ 500 ಮೀಟರಿನ ಸೂತ್ರ ಮುರಿಯುತ್ತದೆ. ಅದಕ್ಕೇ ಕಲ್ಪಾದ ಎರಡು ರಾತ್ರಿ, ನಾಕೋದಲ್ಲೂ ಇನ್ನೆರಡು. ಬಳಿಕ 996ರಲ್ಲಿ ಸ್ಥಾಪನೆಯಾದ ಬೌದ್ಧ ವಿಹಾರವಿರುವ ತಾಬೋ, ಅಲ್ಲಿಂದ ಒಂದು ದಿನಕ್ಕೆ ಕಾಜಾ.

ಕಾಜಾದಲ್ಲಿ ಮೂರು ರಾತ್ರಿ ಇಟ್ಟುಕೊಳ್ಳಿ. ಸಾಮಾನನ್ನು ಅಲ್ಲೇ ಬಿಟ್ಟು ಖಾಲಿ ಸೈಕಲ್ಲಿನಲ್ಲಿ ಒಂದು ದಿನ ಕೀ, ಕಿಬ್ಬರ್‌ಗೆ, ಇನ್ನೊಂದು ದಿನ ಲಾಂಗ್ಜಾ, ಹಿಕ್ಕಿಮ್‌ಗೆ ಹತ್ತಿ ಇಳಿಯಿರಿ. ಹಿಕ್ಕಿಮ್‌ನಲ್ಲಿ 4,400 ಮೀಟರ್ ಎತ್ತರದ ಅಂಚೆ ಕಚೇರಿ ಇದೆ. ಅಲ್ಲಿಂದ ಮನೆಗೆ ಕಾಗದ ಹಾಕುವುದು ಎಲ್ಲರಿಗೂ ಒಂದು ಹುರುಪು. ಆಮೇಲೆ ಲೋಸರ್, ಕುಂಜುಮ್, ಬಾತಲ್, ಛತ್ರು.

ಸೈಕಲ್ ಯಾವುದಿರಬೇಕು? ಅಂಗಡಿಯವರು 21 ಗೇರ್, 24 ಗೇರ್ ಎಂದು ಎಣಿಕೆ ಹೇಳುತ್ತಾರೆ. ಎಣಿಕೆ ಬಿಡಿ. ಮುಂದಿನ ಅತಿ ಚಿಕ್ಕ ಹಲ್ಲುಚಕ್ರದ ಹಲ್ಲು ಎಣಿಸಿ, ಹಿಂದಿನ ಅತಿ ದೊಡ್ಡದರ ಹಲ್ಲು ಎಣಿಸಿ. ಮುಂದೆ 22, ಹಿಂದೆ 36 ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಹಿಂದಿನ ಗಾಲಿ 0.6 ಸುತ್ತು ಮಾತ್ರ ತಿರುಗುತ್ತದೆ. 29 ಇಂಚಿನ ಗಾಲಿಯಾದರೆ ಸುಮಾರು 1.4 ಮೀಟರ್ ಮುಂದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 5 ಕಿ.ಮೀ. ಅದು ನಡಿಗೆಯ ವೇಗವೇ. ನಾಕೋ ಏರಿಗೆ ಅದೇ ಸರಿ. ಅಗ್ಗದ ಎಷ್ಟೋ ಸೈಕಲ್ಲುಗಳಲ್ಲಿ ಮುಂದೆ 28, ಹಿಂದೆಯೂ 28 ಇರುತ್ತದೆ. ಅದೇ ವೇಗಕ್ಕೆ ನಿಮಿಷಕ್ಕೆ 37 ಸುತ್ತು ಬರುತ್ತದೆ, ಪ್ರತಿ ಸುತ್ತಿಗೂ ಮಂಡಿಯ ಮೇಲೆ ಒಂದೂವರೆ ಪಟ್ಟಿಗಿಂತ ಹೆಚ್ಚು ಭಾರ. ಹೊಸ ಸೈಕಲ್ ಕೊಳ್ಳಲೇಬೇಕೆಂದಿಲ್ಲ. ಹಿಂದಿನ ಕ್ಯಾಸೆಟ್, ಅಂದರೆ ಹಲ್ಲುಚಕ್ರಗಳ ಗೊಂಚಲನ್ನು ದೊಡ್ಡದಕ್ಕೆ ಬದಲಿಸಬಹುದು. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಅದಕ್ಕೆ ಹೊಂದುತ್ತದೆಯೇ ಎಂದು ಮೊದಲು ಮೆಕ್ಯಾನಿಕ್ಕನ್ನು ಕೇಳಿ.

ಟೈರು ಎರಡು ಇಂಚು ಅಗಲವಿರಲಿ. ಲೋಸರ್ ದಾಟಿದ ಮೇಲೆ ರಸ್ತೆ ಎನ್ನುವುದು ಬರೀ ಕಲ್ಲು. ಬ್ರೇಕು ತಂತಿಯಿಂದ ನಡೆಯುವ ಡಿಸ್ಕ್ ಆದರೆ ಒಳ್ಳೆಯದು. ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಡಿಸ್ಕ್ ಹಿಡಿತ ಚೆನ್ನ, ಆದರೆ ಎಣ್ಣೆ ಸೋರಿದರೆ ಹಳ್ಳಿಯಲ್ಲಿ ರಿಪೇರಿ ಇಲ್ಲ. ತಂತಿಯನ್ನು ನೀವೇ ಬದಲಿಸಬಹುದು. ಎರಡು ಟ್ಯೂಬ್, ಪಂಕ್ಚರ್ ಸಾಮಾನು, ಪಂಪು, ಚೈನ್ ಬಿಚ್ಚುವ ಉಪಕರಣ, ಬ್ರೇಕ್ ಪ್ಯಾಡ್, ನಾಲ್ಕೈದು ಕಡ್ಡಿ, ಡಿರೇಲರ್ ಹ್ಯಾಂಗರ್ ಇಟ್ಟುಕೊಳ್ಳಿ. ಹ್ಯಾಂಗರ್ ಎಂದರೆ ಡಿರೇಲರ್ ನೇತಾಡುವ ಚಿಕ್ಕ ಲೋಹದ ಕಿವಿ. ಸೈಕಲ್ ಬಲಕ್ಕೆ ಬಿದ್ದರೆ ಮೊದಲು ಬಾಗುವುದು ಅದೇ. ಒಂದೊಂದು ಸೈಕಲ್ಲಿಗೆ ಒಂದೊಂದು ಅಳತೆ, ಕಾಜಾದಲ್ಲಿ ಹುಡುಕಿದರೆ ಸಿಗದು. ಸಾಮಾನು ಒಟ್ಟು 12 ಕಿಲೋ ಮೀರದಿರಲಿ. ಬೆನ್ನಿಗೆ ಹಾಕಬೇಡಿ. ಕ್ಯಾರಿಯರಿನ ಎರಡೂ ಪಕ್ಕ ನೇತುಹಾಕುವ ಪ್ಯಾನಿಯರ್ ಚೀಲಗಳಲ್ಲಿ ಹಾಕಿ.

ದಿನಚರಿ ಬೆಳಗಿನದೇ ಆಗಬೇಕು. ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಗಾಳಿ ಏಳುತ್ತದೆ, ಎದುರು ಗಾಳಿಯಾದರೆ ಇಳಿಜಾರಿನಲ್ಲೂ ತುಳಿಯಬೇಕು. ಬಾತಲ್ ಮತ್ತು ಛತ್ರು ನಡುವೆ ರಸ್ತೆಯನ್ನು ಅಡ್ಡ ಹಾಯುವ ನಾಲಾಗಳಿವೆ, ಅಂದರೆ ಹಿಮನದಿ ಕರಗಿದ ನೀರಿನ ತೊರೆಗಳು. ಬೆಳಿಗ್ಗೆ ಹಿಮ್ಮಡಿ ಮುಳುಗುವಷ್ಟಿರುವ ನೀರು, ಬಿಸಿಲು ಏರಿದಂತೆ ಮಂಡಿಗೆ ಬರುತ್ತದೆ. ಒಬ್ಬರೇ ಇದ್ದಾಗ ಮಂಡಿನೀರಿಗೆ ಇಳಿಯಬೇಡಿ. ಗಾಡಿ ಬರುವವರೆಗೆ ಕಾಯಿರಿ. ‘ಶೂಟಿಂಗ್ ಸ್ಟೋನ್ಸ್’ ಎಂಬ ಫಲಕ ಕಂಡಲ್ಲಿ ಮೇಲಿನಿಂದ ಕಲ್ಲು ಉರುಳುತ್ತದೆ ಎಂದರ್ಥ. ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವವರಿದ್ದಾರೆ. ನೀವು ಹಾಗೆ ಮಾಡಬೇಡಿ.

ರಾತ್ರಿ ಎಲ್ಲಿ? ಹೋಂಸ್ಟೇಗಳಲ್ಲಿ, ಅಂದರೆ ಹಳ್ಳಿಯವರ ಮನೆಯ ಒಂದು ಕೋಣೆಯಲ್ಲಿ. ಸ್ಪಿತಿಯಲ್ಲಿ ‘ಜುಲೇ’ ಎಂದರೆ ನಮಸ್ಕಾರ. ಹಿಂದಿ ನಡೆಯುತ್ತದೆ. ಮನೆಯೊಡತಿಯನ್ನು ‘ದೀದಿ’ ಎಂದರೆ ಸಾಕು. ಮಾಂಸ ತಿನ್ನದವರಿಗೂ ತೊಂದರೆಯಿಲ್ಲ. ಅನ್ನ, ದಾಲ್, ರಾಜ್ಮಾ ಎಲ್ಲೆಡೆ ಸಿಗುತ್ತದೆ. ತರಕಾರಿ ಹಾಕಿದ ಥುಕ್ಪಾ ಎಂಬ ಶಾವಿಗೆ ಸಾರು ಚಳಿಗೆ ಹಿತ. ಉಪ್ಪು ಬೆಣ್ಣೆ ಹಾಕಿದ ಚಹಾ ಮೊದಲ ಗುಟುಕಿಗೆ ವಿಚಿತ್ರವೆನಿಸೀತು. ಅದನ್ನು ಚಹಾ ಎಂದುಕೊಳ್ಳದೆ ಸಾರು ಎಂದುಕೊಂಡು ಕುಡಿಯಿರಿ.

ಶೌಚಾಲಯದ ವಿಷಯ ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೆ ಹೇಳುತ್ತೇನೆ. ಹಳೆಯ ಮನೆಗಳಲ್ಲಿ ಅದು ಒಣ ಶೌಚಾಲಯ. ಮಣ್ಣಿನ ನೆಲದಲ್ಲಿ ಒಂದು ಕಿಂಡಿ, ಕೆಳಗೆ ಕತ್ತಲೆ ಕೋಣೆ. ಮೂಲೆಯಲ್ಲಿ ಒಣಮಣ್ಣು, ಬೂದಿಯ ರಾಶಿ, ಅದರಲ್ಲಿ ಸಿಕ್ಕಿಸಿದ ಗುದ್ದಲಿ. ಕೆಲಸ ಮುಗಿದ ಮೇಲೆ ಒಂದೆರಡು ಗುದ್ದಲಿ ಮಣ್ಣು ಎಳೆದು ಹಾಕಬೇಕು. ಚಳಿಗಾಲದಲ್ಲಿ ನಲ್ಲಿ ನೀರೆಲ್ಲ ಹೆಪ್ಪುಗಟ್ಟುವ ಊರಿಗೆ ಇದೇ ತಕ್ಕ ವ್ಯವಸ್ಥೆ. ಕೊಳೆತದ್ದು ಬಾರ್ಲಿ, ಬಟಾಣಿ ಹೊಲಕ್ಕೆ ಗೊಬ್ಬರವಾಗಿ ಹೋಗುತ್ತದೆ. ನಮ್ಮ ಅಭ್ಯಾಸದಂತೆ ಬಕೆಟ್ ನೀರು ಸುರಿದರೆ ಅವರ ವರ್ಷದ ಗೊಬ್ಬರ ಕೆಡುತ್ತದೆ. ಟಿಶ್ಯೂ ಕಾಗದ ಜೊತೆಗಿರಲಿ. ಈಗ ಎಷ್ಟೋ ಮನೆಗಳಲ್ಲಿ ನೀರಿನ ಶೌಚಾಲಯವೂ ಇದೆ, ಕೇಳಿ ನೋಡಿ.

ಯಾವಾಗ ಹೋಗುವುದು? ಕುಂಜುಮ್ ಸಾಮಾನ್ಯವಾಗಿ ಜೂನ್ ಹೊತ್ತಿಗೆ ತೆರೆದು ಅಕ್ಟೋಬರ್ ಕೊನೆಯ ಹೊತ್ತಿಗೆ ಮುಚ್ಚುತ್ತದೆ. ಸ್ಪಿತಿ ಮಳೆನೆರಳಿನ ನಾಡು, ಜುಲೈ ಆಗಸ್ಟಿನಲ್ಲೂ ಮಳೆ ಕಡಿಮೆ. ಆದರೆ ಅಲ್ಲಿಗೆ ಹೋಗುವ ಕಿನ್ನೌರಿನ ಕೆಳಭಾಗದಲ್ಲಿ ಆಗ ಗುಡ್ಡ ಕುಸಿಯುತ್ತದೆ. ಹಾಗಾಗಿ ಸೆಪ್ಟೆಂಬರ್ ಅತ್ಯುತ್ತಮ. ನಾಲಾಗಳೂ ಇಳಿದಿರುತ್ತವೆ, ಕಿನ್ನೌರಿನ ತೋಟಗಳಲ್ಲಿ ಸೇಬೂ ಇರುತ್ತದೆ.

ಖರ್ಚು ಹೀಗೆ. ರಾತ್ರಿಯೂಟ, ಬೆಳಗಿನ ತಿಂಡಿ ಸೇರಿ ಹೋಂಸ್ಟೇಗೆ ಸುಮಾರು 1,000ದಿಂದ 1,500 ರೂಪಾಯಿ. ದಾರಿಯ ಊಟ, ಚಹಾ ಸೇರಿಸಿ ದಿನಕ್ಕೆ 2,000 ಎಂದಿಟ್ಟುಕೊಂಡರೆ 15 ದಿನಕ್ಕೆ 30,000. ಈ ದಾರಿಗೆ ತಕ್ಕ ಹೊಸ ಸೈಕಲ್ಲಿಗೆ 25,000ದಿಂದ 40,000 ಬೇಕು. ನಗದು ಇಟ್ಟುಕೊಳ್ಳಿ. ರೆಕಾಂಗ್ ಪಿಯೋ ದಾಟಿದ ಮೇಲೆ ಎಟಿಎಂ ಎಂದು ನಂಬಬಹುದಾದ ಊರು ಕಾಜಾ ಒಂದೇ, ಅಲ್ಲೂ ಯಂತ್ರ ಖಾಲಿ ಇರುವುದುಂಟು. ಮೊಬೈಲಿಗೆ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಲೋಸರ್ ಬಿಟ್ಟ ಮೇಲೆ ಸಿಗ್ನಲ್ಲಿನ ಆಸೆ ಬೇಡ. ಮನೆಯವರಿಗೆ ‘ಎರಡು ಮೂರು ದಿನ ಫೋನ್ ಬರಲ್ಲ’ ಎಂದು ಅಲ್ಲಿಂದಲೇ ತಿಳಿಸಿ.

ಸೈಕಲ್ಲನ್ನು ಒಯ್ಯುವುದು ಹೇಗೆ? ಯಶವಂತಪುರದಿಂದ ಹುಬ್ಬಳ್ಳಿ ಮೇಲೆ ಚಂಡೀಗಢಕ್ಕೆ ಕರ್ನಾಟಕ ಸಂಪರ್ಕ ಕ್ರಾಂತಿ ರೈಲಿದೆ. ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಟಿಕೆಟ್ ತೋರಿಸಿ ಸೈಕಲ್ಲನ್ನು ಲಗೇಜಾಗಿ ಬುಕ್ ಮಾಡಿ. ಹೆಸರು, ಊರು, ಫೋನ್ ನಂಬರ್ ಬರೆದ ಚೀಟಿಯನ್ನು ಎರಡು ಕಡೆ ಕಟ್ಟಿ. ವಿಮಾನವಾದರೆ ಸೈಕಲ್ ಅಂಗಡಿಯಲ್ಲಿ ಹಳೆಯ ರಟ್ಟಿನ ಪೆಟ್ಟಿಗೆ ಕೇಳಿ ಪಡೆಯಿರಿ. ಗಾಲಿ, ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಟೈರಿನ ಗಾಳಿ ಇಳಿಸಿ ತುಂಬಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಚಂಡೀಗಢದಿಂದ ಶಿಮ್ಲಾಕ್ಕೆ ಹಿಮಾಚಲ ಸಾರಿಗೆಯ ಸಾಮಾನ್ಯ ಬಸ್ಸು ಹತ್ತಿ. ಸೈಕಲ್ಲನ್ನು ಟಾಪಿನ ಮೇಲೆ ನೀವೇ ಹಗ್ಗ ಬಿಗಿದು ಕಟ್ಟಿ, ಕಂಡಕ್ಟರ್ ಕಟ್ಟುತ್ತಾರೆಂದು ಕೂರಬೇಡಿ.

ವಾಪಸ್ ಬರುವಾಗ ಗ್ರಾಂಫೂನಲ್ಲಿ ದಾರಿ ಎರಡಾಗುತ್ತದೆ. ಶಕ್ತಿ ಉಳಿದಿದ್ದರೆ ರೋಹ್ತಾಂಗ್ ಪಾಸ್ ಹತ್ತಿ ಮನಾಲಿಗೆ ಇಳಿಯಿರಿ, ವಾಹನ ಕಡಿಮೆ. ಇಲ್ಲವಾದರೆ ಕೋಕ್‌ಸರ್‌ಗೆ ಹೋಗಿ ಪಿಕಪ್ಪಿಗೆ ಸೈಕಲ್ ಹೇರಿಸಿ, 2020ರಲ್ಲಿ ತೆರೆದ 9 ಕಿ.ಮೀ. ಉದ್ದದ ಅಟಲ್ ಸುರಂಗದಲ್ಲಿ ಬನ್ನಿ. ಅದರೊಳಗೆ ವಾಹನಗಳ ಹೊಗೆಯಲ್ಲಿ ಸೈಕಲ್ ತುಳಿಯುವ ಯೋಚನೆ ಬೇಡ. ಮನಾಲಿಯಿಂದ ಚಂಡೀಗಢಕ್ಕೆ ಹೋಗುವ ವೋಲ್ವೋ ಬಸ್ಸಿನ ಡಿಕ್ಕಿಯಲ್ಲಿ, ಮುಂದಿನ ಗಾಲಿ ಬಿಚ್ಚಿದರೆ, ಸೈಕಲ್ ಹಿಡಿಸುತ್ತದೆ. ಟಿಕೆಟ್ ಕೊಳ್ಳುವ ಮೊದಲೇ ಅದರ ಬಾಡಿಗೆ ಮಾತಾಡಿಕೊಳ್ಳಿ. ಬಸ್ಸು ಹೊರಡುವ ಹೊತ್ತಿಗೆ ಕೇಳಿದರೆ ಹೇಳಿದ್ದೇ ರೇಟು.